ಮೂರು ಇಂಚು, ಆರು ಇಂಚು

ಫೆಬ್ರವರಿ 4, ಬೆಳಿಗ್ಗೆ 6.10

ಭುಜದ ವ್ಯಾಯಾಮ ಮುಗಿಯಿತು. ಎಡಗೈ ಕಿವಿಯ ತನಕ ಏರುತ್ತದೆ, ಅದರಾಚೆ ಇಲ್ಲ. ಸ್ಪ್ಯಾನರ್ ಹಿಡಿಯಲು ಅಷ್ಟು ಸಾಕು.

ಪ್ಲಾನ್ ಹೀಗೆ. ಟ್ರಕ್ಕು ಮೂರು ಇಂಚು ಎತ್ತರವಾಗಬೇಕು. ಹೊಸ ಸ್ಪ್ರಿಂಗ್ ಪ್ಲೇಟು, ಉದ್ದನೆಯ ಶಾಕ್ ಅಬ್ಸಾರ್ಬರ್, ಬ್ರೇಕ್ ಹೋಸ್ ಕೂಡ ಉದ್ದದ್ದು. ಆಗ ಮೂವತ್ತಮೂರು ಇಂಚಿನ ಟೈರು ಕೂರುತ್ತದೆ. ದೊಡ್ಡ ಟೈರಿಗೆ ಈಗಿನ ಗೇರು ಸಾಲದು, ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ. ಆಕ್ಸಲ್ ಒಳಗಿನ ಹಲ್ಲುಗಾಲಿ ಜೋಡಿ, ಕ್ರೌನ್ ಪಿನಿಯನ್, ಬದಲಾಗಬೇಕು — ಹಿಂದಿನದೂ ಮುಂದಿನದೂ.

ಇವರು ಚಹಾ ತಂದಿಟ್ಟು, ಗೋಡೆಗೆ ಅಂಟಿಸಿದ ಡ್ರಾಯಿಂಗ್ ನೋಡಿ, "ಮತ್ತೆ ಕ್ವಾರಿಗೆ ಹೋಗ್ತೀಯಾ?" ಎಂದರು.

"ಹೋಗ್ತೀನಿ."

"ಸರಿ," ಎಂದು ತಮ್ಮ ಲೋಟ ಎತ್ತಿಕೊಂಡು ಹೋದರು. ಮದುವೆಯಾದ ಗಂಡಸರಲ್ಲಿ ಇಂಥವರು ಅಪರೂಪ.

ಫೆಬ್ರವರಿ 5

ವಿಡಿಯೋ ಮತ್ತೆ ನೋಡಿದೆ. ಮೂವತ್ತನೇ ಸಲವೋ ಏನೋ.

ಕಳೆದ ಏಪ್ರಿಲ್, ಹಳೇ ಕಲ್ಲು ಕ್ವಾರಿಯ ಟ್ರಕ್ ರೇಸು. ಕೊನೆಯ ಏರು. ಭಾವ — ಅಕ್ಕನ ಗಂಡ — ತನ್ನ ಸರದಿ ಮುಗಿಸಿ, ನನಗೆ ದಾರಿ ತೋರಿಸಲು ಮೇಲೆ ನಿಂತಿದ್ದ. ಎಡಕ್ಕೆ ಬಾ ಎಂದು ಕೈ ಮಾಡಿದ. ಹೋದೆ. ಎಡಗಡೆ ಅಂಚು ಕುಸಿಯಿತು. ಟ್ರಕ್ಕು ಮೂರು ಪಲ್ಟಿ. ನನ್ನ ಕತ್ತಿನ ಕೆಳಗಿನ ಎಲುಬು ಎರಡು ತುಂಡು. ನನ್ನನ್ನು ಆಂಬುಲೆನ್ಸಿಗೆ ಹತ್ತಿಸುತ್ತಿದ್ದಾಗ ಅವನು ಮೊದಲ ಬಹುಮಾನ ಹಿಡಿದು ಮೈಕಿನಲ್ಲಿ ಹೇಳಿದನಂತೆ, "ಹೆಂಗಸರ ಕೈಗೆ ಸ್ಟೇರಿಂಗ್ ಕೊಟ್ರೆ ಇಷ್ಟೇ ಕಣ್ರಪ್ಪ." ಎಲ್ಲರೂ ನಕ್ಕರಂತೆ.

ಫೋಟೋ ತೆಗೆಯುವವನೊಬ್ಬ ಹೋದ ತಿಂಗಳು ಈ ವಿಡಿಯೋ ಕಳಿಸಿದ. ನಾನು ಏರಲು ಶುರುಮಾಡುವ ಮೊದಲು ಭಾವ ಎಡ ಅಂಚಿಗೆ ಹೋಗಿ ಹಿಮ್ಮಡಿಯಿಂದ ಒತ್ತುತ್ತಾನೆ. ಮಣ್ಣು ಪುಡಿಯಾಗಿ ಜಾರುತ್ತದೆ. ಅದನ್ನು ನೋಡುತ್ತಾನೆ. ಆಮೇಲೆ ಬಂದು ನಿಂತು ಕೈ ಮಾಡುತ್ತಾನೆ. ಎಡಕ್ಕೆ.

ಗೊತ್ತಿದ್ದೂ ಮಾಡಿದ.

ಇವರಿಗೂ ತೋರಿಸಿಲ್ಲ. ತೋರಿಸಿದರೆ ಮಾತಾಡಿ ಬಗೆಹರಿಸೋಣ ಅನ್ನುತ್ತಾರೆ. ನನಗೆ ಬಗೆಹರಿಯುವುದು ಬೇಡ.

ಫೆಬ್ರವರಿ 19, ಮಧ್ಯಾಹ್ನ

ಪಂಪ್ ಫ್ಯಾಕ್ಟರಿಯಲ್ಲಿ ಊಟದ ಬಿಡುವು. ಲೇತ್ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ವೆಲ್ಡರ್ ಅಂಗಡಿಗೆ ಹೋಗಿದ್ದೆ. ಒಳ್ಳೆಯ ಕೈ, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನಾನು ಅಲ್ಲಿ ಮಾಡಿಸಿದ್ದೆಲ್ಲ ವಾರದೊಳಗೆ ಭಾವನ ಟ್ರಕ್ಕಿನ ಮೇಲೆ ಬರುತ್ತದೆ. ಬಂಪರ್ ಹಾಗೇ ಹೋಯಿತು, ಹಗ್ಗ ಎಳೆಯುವ ವಿಂಚ್ ಕೂರಿಸುವ ಚೌಕಟ್ಟೂ ಹಾಗೇ.

ಟ್ರಕ್ಕನ್ನು ಆರು ಇಂಚು ಎತ್ತುವ ಬ್ರಾಕೆಟ್ಟಿನ ಸುಳ್ಳು ಡ್ರಾಯಿಂಗ್ ಮುಂದಿಟ್ಟೆ.

"ಇಷ್ಟು ಎತ್ತರಾನಾ ಅಕ್ಕಾ?"

"ಹೂಂ. ಈ ಸಲ ಯಾರೂ ಹತ್ತಿರ ಬರಬಾರದು. ಯಾರಿಗೂ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ."

ಇಷ್ಟೊತ್ತಿಗೆ ಹೇಳಿರುತ್ತಾನೆ.

ಆರು ಇಂಚು ನೇರ ಏರಿಗೆ ಚೆನ್ನ. ಆದರೆ ಕ್ವಾರಿಯಲ್ಲಿ ಅಡ್ಡ ಇಳಿಜಾರು ಇದೆ. ಚಕ್ರಗಳ ಅಗಲ ಹೆಚ್ಚಿಸದೆ ಮೈ ಮಾತ್ರ ಎತ್ತಿದರೆ, ಅಲ್ಲಿ ಟ್ರಕ್ಕು ಮಗ್ಗುಲು ಬದಲಿಸುವ ಮಗುವಿನಂತೆ ಉರುಳುತ್ತದೆ. ಅಗಲದ ಸುದ್ದಿ ಡ್ರಾಯಿಂಗಿನಲ್ಲಿ ಬರೆದಿಲ್ಲ.

ಉರುಳಲಿ. ಮೂರು ಸಲ.

ಮಾರ್ಚ್ 8, ಭಾನುವಾರ

ಮನೆಯ ಶೆಡ್ಡಿನಲ್ಲಿ ಇಡೀ ದಿನ. ಹಿಂದಿನ ಕ್ರೌನ್ ಪಿನಿಯನ್ ಕೂರಿಸಿದೆ. ಹಲ್ಲಿಗೆ ಹಳದಿ ಬಣ್ಣ ಬಳಿದು ತಿರುಗಿಸಿ ಗುರುತು ನೋಡುವುದು — ಹಲ್ಲಿನ ನಡುವೆ ಬೀಳಬೇಕು. ಮೊದಲ ಸಲ ಅಂಚಿಗೆ ಬಿತ್ತು. ಬಿಚ್ಚು, ತೆಳು ತಗಡು ಸೇರಿಸು, ಕೂರಿಸು. ಐದನೇ ಸಲಕ್ಕೆ ಸರಿಹೋಯಿತು. ಭುಜ ಸತ್ತುಹೋಗಿದೆ.

ನನ್ನ ಚಕ್ರಗಳ ಅಗಲಕ್ಕೆ ಬೇಕಾದ ಸ್ಪೇಸರ್ ಬಿಲ್ಲೆಗಳನ್ನು ಫ್ಯಾಕ್ಟರಿಯಲ್ಲೇ ಕಡೆದೆ. ಫೋರ್‌ಮನ್ ನೋಡಿ, "ಇದು ಯಾವ ಪಂಪಿಂದಮ್ಮಾ?" ಎಂದ.

"ನೀರು ಕುಡಿಸೋ ಪಂಪು."

"ಯಾರಿಗೆ?"

"ಇದಾರೆ ಒಬ್ರು."

ಮಾರ್ಚ್ 22

ಅಕ್ಕನ ಮನೆಗೆ ಹೋಗಿದ್ದೆ. ಗೇಟಿನೊಳಗೆ ಭಾವನ ಟ್ರಕ್ಕು ನಿಂತಿದೆ, ಆರು ಇಂಚು ಎತ್ತರವಾಗಿ. ಚಕ್ರಗಳು ಇದ್ದಲ್ಲೇ ಇವೆ. ಅಗಲ ಒಂದು ಕೂದಲೂ ಹೆಚ್ಚಿಲ್ಲ.

"ನೋಡು ಪುಟ್ಟಿ, ಹೇಗಿದೆ?" ಎಂದ ಭಾವ. "ನಿನಗೆ ಬಂದ ಐಡಿಯಾನೇ ನನಗೂ ಬಂದಿರಬೇಕು."

"ಚೆನ್ನಾಗಿದೆ ಭಾವ. ನಿಮ್ಮದೇ ಎತ್ತರ."

ಅಕ್ಕ ಸ್ಟೂಲು ಹಾಕಿಕೊಂಡು ಅದರ ಗಾಜು ಒರೆಸುತ್ತಿದ್ದಳು. "ಅಲ್ಲಿ ಗೆರೆ ಉಳಿದಿದೆ, ಕಣ್ಣು ಕಾಣಲ್ವಾ?" ಎಂದ ಅವಳಿಗೆ. ಮತ್ತೆ ಒರೆಸಿದಳು.

ಬಸ್ಸಿನಲ್ಲಿ ಬರುವಾಗ ಒಬ್ಬಳೇ ನಕ್ಕೆ. ಪಕ್ಕದ ಸೀಟಿನವಳು ಬ್ಯಾಗು ಸರಿಸಿಕೊಂಡಳು.

ಏಪ್ರಿಲ್ 9, ಸಂಜೆ 5

ರೇಸು ನಡೆಸುವ ಕ್ಲಬ್ಬಿನ ನೋಟೀಸು ಬಂತು. ಈ ವರ್ಷದಿಂದ ಒಬ್ಬರೇ ಓಡಿಸುವಂತಿಲ್ಲ. ಪಕ್ಕದಲ್ಲಿ ದಾರಿ ಹೇಳಲು ಇನ್ನೊಬ್ಬರು ಕಡ್ಡಾಯ. ಕೆಳಗೆ ಹೆಸರುಗಳ ಪಟ್ಟಿ. ನನ್ನ ಪಕ್ಕ ಇವರು. ಅವನ ಪಕ್ಕ…

ಅಕ್ಕ.

ನಾಳೆಯೇ ಹೋಗಿ ಹೇಳಬೇಕು.

ಏಪ್ರಿಲ್ 10

ಭಾವನ ಹತ್ತಿರ ಹೋಗಿ ಹೇಳಿದೆ. ಆರು ಇಂಚು ಸುಳ್ಳು, ನಿಮ್ಮನ್ನು ಕೆಡವಲಿಕ್ಕೆ ಅಂತಲೇ ಮಾಡಿದ್ದು, ಇಳಿಸಿಬಿಡಿ.

ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ನನ್ನ ಟ್ರಕ್ಕು ನೋಡಿ ನಿದ್ದೆ ಬರ್ತಿಲ್ಲ ಅನ್ನು. ಇನ್ನೂ ನಾಲ್ಕು ದಿನ ಇದೆ ಪುಟ್ಟಿ, ಬೇರೆ ಕತೆ ಹುಡುಕು."

ಏಪ್ರಿಲ್ 12, ಮಧ್ಯಾಹ್ನ 2

ಅಕ್ಕ ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಊಟಕ್ಕೆ ಹೋಗಿದ್ದರು. ಕೌಂಟರಿನ ಹಿಂದೆ ಇಬ್ಬರೇ. ವಿಡಿಯೋ ತೋರಿಸಿದೆ. ಅವಳು ಎರಡು ಸಲ ನೋಡಿದಳು. ಆರು ಇಂಚಿನ ಕತೆಯನ್ನೂ ಹೇಳಿದೆ, ಒಂದೂ ಮುಚ್ಚಿಡದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಫೈಲುಗಳನ್ನು ನಂಬರಿನ ಪ್ರಕಾರ ಜೋಡಿಸುತ್ತಾ ಕೇಳಿಸಿಕೊಂಡಳು.

"ಖಂಡಿತ ಉರುಳುತ್ತಾ?"

"ಅಡ್ಡ ಇಳಿಜಾರಲ್ಲಿ ಖಂಡಿತ. ನೀನು ಕೂರಬೇಡ ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ."

"ಕೂರಲ್ಲ ಬಿಡು. ಅವತ್ತು ಬೆಳಿಗ್ಗೆ ತಲೆನೋವು ಅಂತೀನಿ."

"ಭಾವನಿಗೂ ನೀನೇ ಹೇಳು. ನಿನ್ನ ಮಾತಾದರೂ…"

"ಪುಟ್ಟಿ." ಫೈಲು ಕೆಳಗಿಟ್ಟಳು. "ನಿನ್ನ ಭುಜಕ್ಕೆ ಒಂದು ವರ್ಷ ಆಯ್ತು. ನನಗೆ ಹದಿನಾಲ್ಕು. ಇನ್ನು ಯಾರಿಗೂ ಏನೂ ಹೇಳಬೇಡ."

ಅಷ್ಟರಲ್ಲಿ ಪೇಷೆಂಟ್ ಬಂದರು. ಅಕ್ಕ ಮುಗುಳ್ನಕ್ಕು ಹೆಸರು ಕೇಳಿದಳು.

ನಾನು ಹಚ್ಚಿದ ಬೆಂಕಿ ಸಣ್ಣದು ಎಂದು ಇವತ್ತು ಗೊತ್ತಾಯಿತು.

ಏಪ್ರಿಲ್ 14, ಬೆಳಿಗ್ಗೆ 7.20, ಕ್ವಾರಿ

ಅಕ್ಕ ಹೇಳಿದಂತೆಯೇ ಮಾಡಿದ್ದಾಳೆ. ತಲೆನೋವಂತೆ. ಆದರೂ ಬಂದು ಶಾಮಿಯಾನದ ಕೆಳಗೆ ಮೊದಲ ಸಾಲಿನ ಕುರ್ಚಿ ಹಿಡಿದಿದ್ದಾಳೆ. ಅಡ್ಡ ಇಳಿಜಾರು ಚೆನ್ನಾಗಿ ಕಾಣುವ ಕಡೆ.

ಅವಳ ಬದಲಿಗೆ ಹೆಲ್ಮೆಟ್ ಹಾಕಿಕೊಂಡು ನಿಂತಿರುವವನು ವೆಲ್ಡರ್. ನನಗೆ ಕೈ ಬೀಸಿದ. ಮದುವೆ ಗಂಡಿನಷ್ಟು ಖುಷಿ.

ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ.

8.30

ತಪಾಸಣೆ ಮಾಡುವ ಎಂಜಿನಿಯರ್ ಹತ್ತಿರ ಹೋದೆ. ಮುದುಕರು, ಕಡ್ಡಿ ಮುರಿದಂತೆ ಮಾತು. ಭಾವನ ಟ್ರಕ್ಕನ್ನು ವಾಲು ಪರೀಕ್ಷೆಯ ಹಲಗೆ ಮೇಲೆ ವಾಲಿಸಿ ನೋಡಿ ಎಂದೆ.

ವೆಲ್ಡರ್ ಮೇಲಿನ ಕನಿಕರವೊಂದೇ ಅಲ್ಲ. ಸುಳ್ಳು ಯಾಕೆ ಬರೆಯಲಿ, ಇದನ್ನು ಯಾರೂ ಓದುವುದಿಲ್ಲ. ಸೋತದ್ದನ್ನು ಭಾವ ಬದುಕಿದ್ದು ನೋಡಬೇಕು. ಸತ್ತವನಿಗೆ ಏನು ಕಾಣುತ್ತದೆ.

ಸರಪಳಿ ಕಟ್ಟಿ ಹಲಗೆ ಎತ್ತಿದರು. ಬೇಕಾದ ಗುರುತಿಗೆ ಇನ್ನೂ ಒಂದು ಗೇಣು ಇರುವಾಗಲೇ ಮೇಲಿನ ಮಗ್ಗುಲಿನ ಎರಡೂ ಚಕ್ರ ಹಲಗೆ ಬಿಟ್ಟವು. ಟೈರಿನ ಕೆಳಗೆ ಆಕಾಶ ಕಂಡಿತು. ನಲವತ್ತು ಜನ ನೋಡಿದರು. ಯಾರೋ ಸಣ್ಣಗೆ ನಕ್ಕರು, ಆಮೇಲೆ ಎಲ್ಲರೂ. ಭಾವನ ಮುಖ ಸುಣ್ಣ ಬಳಿದ ಗೋಡೆ. ಅದನ್ನು ಕಣ್ತುಂಬ ನೋಡಿದೆ. ಹೊಟ್ಟೆ ತಣ್ಣಗಾಯಿತು, ಇಲ್ಲ ಅನ್ನುವುದಿಲ್ಲ.

"ಈ ಅಳತೆ ಯಾರು ಕೊಟ್ಟಿದ್ದು?" ಎಂದರು ಎಂಜಿನಿಯರ್.

ವೆಲ್ಡರ್ ನನ್ನ ಕಡೆ ನೋಡಿದ. ಅವನು ಬಾಯಿ ಬಿಡುವ ಮೊದಲೇ ನಾನು ಹೇಳಿದೆ, "ನಾನೇ. ಬೇಕಂತಲೇ."

"ಹಾಗಾದ್ರೆ ನಿನ್ನ ಟ್ರಕ್ಕೂ ರೇಸಿಗೆ ಇಳಿಯೋದಿಲ್ಲ. ಇವತ್ತೂ ಇಲ್ಲ, ಮುಂದಿನ ವರ್ಷವೂ ಇಲ್ಲ."

8.50

ನನ್ನ ಸೀಟಿನಲ್ಲಿ ಕೂತಿದ್ದೇನೆ. ಕೀ ಇವರ ಜೇಬಿನಲ್ಲಿದೆ.

ಭಾವ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾನೆ. ವೆಲ್ಡರ್ ಅವನಿಗೆ ನೀರು ಕೊಡುತ್ತಿದ್ದಾನೆ. ಭಾವನಿಗೆ ಒಂದು ಗೀರೂ ಆಗಿಲ್ಲ. ಸಂಜೆ ಮನೆಗೆ ಹೋಗುತ್ತಾನೆ. ಈ ನಗು ಕೇಳಿಸಿಕೊಂಡವನು, ಅದೇ ಮನೆಗೆ, ಅವಳ ಹತ್ತಿರ. ಇದು ಈಗ ಹೊಳೆಯುತ್ತಿದೆ ನನಗೆ. ಈಗ.

ಅಕ್ಕ ಕುರ್ಚಿಯಿಂದ ಎದ್ದಳು. ಅವನ ಕಡೆ ತಿರುಗಿಯೂ ನೋಡಲಿಲ್ಲ. ಬಿಸಿಲಲ್ಲಿ ನೆಟ್ಟಗೆ ಇತ್ತಲೇ ಬರುತ್ತಿದ್ದಾಳೆ. "ಗಾಜು ಏರಿಸಿಕೋ," ಎನ್ನುತ್ತಿದ್ದಾರೆ ಇವರು. ಏರಿಸುವುದಿಲ್ಲ. ಬಾಗಿಲು ತೆಗೆದು ಜಾಗ ಬಿಟ್ಟಿದ್ದೇನೆ. ಹತ್ತಿ ಕೂತರೆ ಮನೆಗೆ ಕರೆದುಕೊಂಡು ಹೋಗುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ, ಅವಳ ಮುಖ ನೋಡಿದರೆ ಮಾತ್ರ ಯಾವುದಕ್ಕೆ ಬರುತ್ತಿದ್ದಾಳೆ ಎಂದು ತಿಳಿಯುತ್ತಿಲ್ಲ.