ಹಿತ್ತಿಲ ಬೀಗದ ಕೊನೆಯ ಹದಿನಾರು ಪುಟ

ಫೆಬ್ರವರಿ 2, ಅಂಗಡಿ ತೆರೆಯುವ ಮುನ್ನ

ಈ ವರ್ಷದ ಪಟ್ಟಿಗೆ ಒಟ್ಟು ತಗುಲಿದ್ದು: ಕನ್ನಡಕದ ಒಂದು ಕಾಲು. ಧೂಳಿನ ಕೆಮ್ಮು, ಇನ್ನೂ ಬಿಟ್ಟಿಲ್ಲ. ಹೆಂಡತಿಯ ಮಾತು, ಅಳತೆಗೆ ಸಿಗದಷ್ಟು. ಒಬ್ಬ ಹಳೇ ಗಿರಾಕಿ — ದರ್ಜಿ. ಪುಸ್ತಕ ಒಯ್ದವನು ಎರಡು ತಿಂಗಳು ಪತ್ತೆಯಿಲ್ಲ. ನಮ್ಮ ಲೈಬ್ರರಿಯಲ್ಲಿ ತಡಕ್ಕೆ ದಂಡವಿಲ್ಲ. ತಡ ಮಾಡಿದವನಿಗೆ ಮುಂದಿನ ಪುಸ್ತಕ ಕೊಡುವಾಗ ಕೊಲೆಗಾರ ಯಾರೆಂದು ಹೇಳಿ ಕೊಡುತ್ತೇನೆ, ಅಷ್ಟೆ. ಹೇಳಿದೆ. ದರ್ಜಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದ. ಹೊಲಿಯಲು ಕೊಟ್ಟ ಪ್ಯಾಂಟು ಅವನ ಹತ್ತಿರವೇ ಇದೆ. ಅದನ್ನೂ ಖರ್ಚಿಗೆ ಸೇರಿಸಬೇಕು.

ಪಟ್ಟಿಯೇನೋ ಮುಗಿಯಿತು. "ಮರೆತುಹೋದ ಎಂಟು ಪತ್ತೇದಾರಿ ಕಾದಂಬರಿಗಳು". ನಿಯಮ ಎರಡೇ — ಜನ ಮರೆತಿರಬೇಕು, ಕೈಗೆತ್ತಿಕೊಂಡರೆ ಕೆಳಗಿಡಲಾಗಬಾರದು. ಮೂರನೆಯದರಲ್ಲಿ ಬೂಟ್ ಪಾಲಿಶಿನ ವಾಸನೆಯಿಂದ ಕಳ್ಳ ಸಿಕ್ಕಿಬೀಳುತ್ತಾನೆ. ಜಾಣ ಪುಸ್ತಕ; ಆದರೆ ನಡುವೆ ಐವತ್ತು ಪುಟ ಪ್ರೇಮ ಇದೆಯಂತೆ, ಹಾರಿಸಿ ಎಂದು ಚೀಟಿಯಲ್ಲಿ ಬರೆದಿದ್ದೇನೆ. ಐದನೆಯದರಲ್ಲಿ ಮೊದಲ ಸಾಲಿಗೇ ಹೆಣ. ಬರೆದವನಿಗೆ ಓದುಗನ ಸಮಯದ ಬೆಲೆ ಗೊತ್ತಿತ್ತು. ಆರನೆಯದು ಕೆಟ್ಟ ಭಾಷೆ, ಒಳ್ಳೇ ಕೊಲೆ.

ಮೊದಲ ಸ್ಥಾನ "ಹಿತ್ತಿಲ ಬಾಗಿಲ ಬೀಗ". ಹಸಿರು ರಟ್ಟು. ಬರೆದಾಕೆ ಯಾರೋ ಶಾಲಾ ಟೀಚರಂತೆ. ಇದೊಂದೇ ಬರೆದು ಸುಮ್ಮನಾದವಳು. ತುಂಬಿದ ಮನೆ, ಯಜಮಾನನಿಗೆ ವಿಷ. ಕೊನೆಗೆ ಸಿಕ್ಕಿಬೀಳುವುದು ಡಾಕ್ಟರ್ — ಸಾವಿನ ಸರ್ಟಿಫಿಕೇಟ್ ಬರೆಯಲು ಒಮ್ಮೆ ಬಂದು ಹೋದವನು. ಕಣ್ಣು ಕೀಳದೆ ಓದಿದೆ. ಚೀಟಿ: "ಕೊನೆಯ ಹದಿನಾರು ಪುಟಕ್ಕಾಗಿಯೇ ಓದಿ."

ನಾನು ಓದುವ ಕ್ರಮ ನನಗೆ ಮಾತ್ರ ಗೊತ್ತು. ಮೊದಲ ಅಧ್ಯಾಯ, ಕೊನೆಯ ಅಧ್ಯಾಯ. ನಡುವಿನದು ತೂಕಕ್ಕೆ ಹಾಕಿದ ಕಲ್ಲು. ಅದರ ಸುದ್ದಿ ಗಿರಾಕಿಗಳ ಬಾಯಿಂದ ಪುಕ್ಕಟೆ ಸಿಗುತ್ತದೆ. ಸೈಕಲ್ಲಿಗೆ ಟ್ರಂಕು ಕಟ್ಟಿ ಮನೆಮನೆಗೆ ಪುಸ್ತಕ ಹಂಚಿದವನು ಇಷ್ಟು ದೊಡ್ಡ ಲೈಬ್ರರಿ ಮಾಡಿದ್ದು ಓದುತ್ತಾ ಕೂತಲ್ಲ.

ಫೆಬ್ರವರಿ 9

ಪೇಪರಿನಲ್ಲಿ ಪಟ್ಟಿ ಬಂತು, ನನ್ನ ಫೋಟೋ ಸಮೇತ. ವರದಿಗಾರ ಕೇಳಿದ್ದ, "ಎಲ್ಲಾನೂ ಪೂರ್ತಿ ಓದಿದೀರಾ ಸಾರ್?" "ಅಕ್ಷರ ಬಿಟ್ಟಿಲ್ಲ" ಅಂದಿದ್ದೆ. ದಪ್ಪಕ್ಷರದಲ್ಲಿ ಹಾಕಿದ್ದಾನೆ.

ಸಂಜೆ "ಮೂರನೇ ಮುದ್ರಣ" ಬಂದ. ಪ್ರಕಾಶಕ. ಯಾವ ಪುಸ್ತಕ ಮಾಡಿದರೂ ಮೊದಲ ಸಲಕ್ಕೇ ರಕ್ಷಾಪುಟದ ಮೇಲೆ "ಮೂರನೇ ಮುದ್ರಣ" ಎಂದು ಅಚ್ಚು ಹಾಕಿಸುವವನು. ಮೊದಲ ಎರಡನ್ನು ಕಂಡವರಿಲ್ಲ.

"ಯಜಮಾನ್ರೇ, ಆ ಹಿತ್ತಿಲ ಬೀಗ ನನಗೆ ಬೇಕು. ಡಾಕ್ಟರ್ ವಿಷಯ ನಿಮ್ಮ ಗಿರಾಕಿಗಳೆಲ್ಲ ಮಾತಾಡ್ತಿದಾರೆ."

"ಬರೆದಾಕೆ ಬದುಕಿದ್ದಾರೋ ಇಲ್ವೋ."

"ಇಲ್ದಿದ್ರೆ ಇನ್ನೂ ಅನುಕೂಲ."

ಫೆಬ್ರವರಿ 16

ಬದುಕಿದ್ದಾರೆ. ಬಿಳಿ ಕೂದಲು, ಕೈಯಲ್ಲಿ ಛತ್ರಿ, ಮೆಟ್ಟಿಲು ಹತ್ತಿ ಬಂದ ಏದುಸಿರು. ಪೇಪರಿನ ತುಂಡು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡಿದ್ದರು.

"ಯಾವ ಮಹಾನುಭಾವರಪ್ಪ ಇದನ್ನ ಓದಿದ್ದು? ನಮ್ಮ ಅಣ್ಣನೇ ಓದಿರಲಿಲ್ಲ."

ಕುರ್ಚಿ ಕೊಟ್ಟೆ. ನೀರು ಕೊಟ್ಟೆ. ಮನೆ ಬದಲಿಸುವಾಗ ತಮ್ಮ ಪ್ರತಿ ಕಳೆದುಹೋಯಿತಂತೆ. ಹಸಿರು ರಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನೇರ ಕೊನೆಯ ಪುಟಕ್ಕೆ ಹೋದರು — ನನ್ನ ಹಾಗೇ. ಓದಿದರು. ಹಿಂದಕ್ಕೆ ತಿರುವಿದರು. ಮತ್ತೆ ಓದಿದರು.

"ಇದು ನನ್ನದಲ್ಲ."

"ಮರೆತಿರಬಹುದು ಟೀಚರೇ. ಎಷ್ಟು ವರ್ಷ ಆಯ್ತು."

"ಹೆತ್ತವಳಿಗೆ ಮಗುವಿನ ಮುಖ ಮರೆಯುತ್ತಾ? ನನ್ನ ಕಥೇಲಿ ಡಾಕ್ಟರ್ ಏನೂ ಮಾಡಲ್ಲ. ಬರ್ತಾನೆ, ಸಹಿ ಹಾಕ್ತಾನೆ, ಹೋಗ್ತಾನೆ. ನೀವು ಪೂರ್ತಿ ಓದಿದ್ರೆ ಗೊತ್ತಾಗ್ತಿತ್ತು... ಐದನೇ ಅಧ್ಯಾಯದಲ್ಲಿ ಆ ಡಾಕ್ಟರ್ ಸತ್ತೇ ಹೋಗ್ತಾನಲ್ಲ."

ಅಂಗಡಿಯಲ್ಲಿ ಆಗ ಯಾರೂ ಇರಲಿಲ್ಲ. ಆ ಮಟ್ಟಿಗೆ ಅದೃಷ್ಟ.

ಫೆಬ್ರವರಿ 17

ಹೇಗಾಯಿತೆಂದು ಹೊಳೆಯಿತು. ಆ ಕಾಲದ ಮಾಸಿಕ ಮಾಲೆಯ ಕಾದಂಬರಿಗಳಿಗೆಲ್ಲ ಒಂದೇ ಅಳತೆ, ಒಂದೇ ಲೆಕ್ಕದ ಪುಟ, ಒಬ್ಬನೇ ಪತ್ತೇದಾರ. ಬರೆಯುವವರು ಮಾತ್ರ ಬೇರೆ ಬೇರೆ. ಹದಿನಾರು ಪುಟಕ್ಕೆ ಒಂದು ಫಾರಂ. ಸವೆದ ಪ್ರತಿಗಳನ್ನು ಬಿಚ್ಚಿ, ಫಾರಂಗಳನ್ನು ಮತ್ತೆ ಹೊಲಿದು, ರಟ್ಟು ಹಾಕಿ ಕೊಡುತ್ತಿದ್ದವರು ನನ್ನ ಮಾವ. ಎರಡು ಪುಸ್ತಕಗಳ ಕೊನೆ ಅದಲು ಬದಲಾಗಿದೆ. ಪುಟಸಂಖ್ಯೆ ಸರಿಯಾಗಿಯೇ ಮುಂದುವರಿಯುವಾಗ ಯಾರು ನೋಡುತ್ತಾರೆ? ಡಾಕ್ಟರ್ ಸತ್ತು ಎದ್ದು ಬಂದದ್ದನ್ನು ಓದಿದವರೂ "ಅಬ್ಬಾ, ಎಂಥ ತಿರುವು" ಅಂದುಕೊಂಡರೇ ಹೊರತು ಕೇಳಲಿಲ್ಲ.

ಹೆಂಡತಿಗೆ ಹೇಳಿದೆ. ನಕ್ಕಳು. "ಅಪ್ಪ ಎಲ್ಲಿ ಹೊಲೀತಿದ್ರು ರೀ, ಅವರಿಗೆ ಕಣ್ಣು ಕಾಣ್ತಿರಲಿಲ್ಲ. ಮದುವೆಗೆ ಮುಂಚೆ ಎಲ್ಲಾ ಹೊಲಿದಿದ್ದು ನಾನೇ. ಹಾಗಾದ್ರೆ ಪಟ್ಟಿಲಿ ಮೊದಲನೇದು ನನ್ನ ಪುಸ್ತಕ."

ಆದರೆ ಒಂದು ಮಾತು ಹೇಳಿದಳು: ಒಂದೇ ದಿನ ಕಟ್ಟಿದ್ದಕ್ಕೆಲ್ಲ ಒಂದೇ ಬಣ್ಣದ ರಟ್ಟು. ಹಸಿರು ಹುಡುಕಿದೆ. ಕೆಳಗಿನ ಸಾಲಿನಲ್ಲಿ, ಗೋಡೆಗೆ ಆತು, ಸಿಕ್ಕಿತು. ಅದರ ಮೇಲೆ ಬರೆದವನ ಹೆಸರೇ ಸುಳ್ಳು — ಮಾಲೆಯವರು ನಾಲ್ಕು ಜನರ ಕೈಲಿ ಒಂದೇ ಹೆಸರಿನಲ್ಲಿ ಬರೆಸುತ್ತಿದ್ದರು, ಯಾರೂ ಉಳಿದಿಲ್ಲ. ಕೊನೆಯ ಫಾರಂ ಟೀಚರದು.

ನಿಂತೇ ಓದಿದೆ. ಕೊಂದವಳು ಸೊಸೆ. ಪತ್ತೇದಾರನಿಗೆ ಗೊತ್ತಾಗಿದೆ, ಅವನಿಗೆ ಗೊತ್ತಾಗಿದೆ ಎಂಬುದು ಅವಳಿಗೂ ಗೊತ್ತಾಗಿದೆ. ಅವಳು ಲೋಟ ತೊಳೆಯುತ್ತಿದ್ದಾಳೆ. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಾನೆ, "ಈಗ ಮನೆಯಲ್ಲಿ ಎಷ್ಟು ಜನ ಉಳಿದಿದ್ದೀರಿ?" ಅವಳು ಲೋಟ ಬೋರಲು ಹಾಕಿ ಹೇಳುತ್ತಾಳೆ, "ಇಷ್ಟು ಜನ ಸಾಕು." ಅವನು ಹೊರಟುಹೋಗುತ್ತಾನೆ.

ಇಷ್ಟು ವರ್ಷದಲ್ಲಿ ಮೊದಲ ಸಲ ಒಂದು ಪುಸ್ತಕದ ನಡುವಿನದನ್ನೂ ಓದಬೇಕು ಅನ್ನಿಸಿತು. ಓದಿದೆ. ಎಲ್ಲವೂ ಆ ಲೋಟದ ಕಡೆಗೇ ನಡೆದುಬರುತ್ತದೆ. ಡಾಕ್ಟರ್ ಇದರ ಮುಂದೆ ಬೀದಿ ದೊಂಬರಾಟ. ಓದಲು ನೂರಕ್ಕೆ ನೂರು. ಮಾರಲು ಸೊನ್ನೆ.

ಪುಸ್ತಕ ನನ್ನ ಡ್ರಾಯರಿನಲ್ಲಿದೆ. ಬೀಗ ಹಾಕಿದ್ದೇನೆ.

ಫೆಬ್ರವರಿ 18

ಮೂರನೇ ಮುದ್ರಣನಿಗೆ ಅರ್ಧ ಮಾತ್ರ ಹೇಳಿದೆ — ಕೊನೆ ತನ್ನದಲ್ಲ ಅಂತಾರೆ ಮುದುಕಿ.

"ಯಾರದ್ದಾದ್ರೆ ನಮಗೇನು? ಡಾಕ್ಟರ್ ಇದ್ರೆ ಪುಸ್ತಕ. ಇಲ್ದಿದ್ರೆ ಇಲ್ಲ." ಆಮೇಲೆ ನನ್ನ ಮುಖ ನೋಡಿ, "ಅಕ್ಷರ ಬಿಟ್ಟಿಲ್ಲ ಅಂದ್ರಲ್ಲ ಯಜಮಾನ್ರೇ ಪೇಪರಲ್ಲಿ?"

ಬಾಯಿ ಇದ್ದವನು ಬದುಕುತ್ತಾನೆ ಅಂತಾರೆ. ಬಾಯಿಯೇ ಹಗ್ಗವೂ ಆಗುತ್ತದೆ, ಅದನ್ನು ಯಾರೂ ಹೇಳುವುದಿಲ್ಲ.

ಮಾರ್ಚ್ 11

ಮೂರು ವಾರದ ಮೇಲೆ ಟೀಚರ್ ಬಂದರು. ಕೊನೆಯನ್ನು ನೆನಪಿನಿಂದ ಬರೆಯಲು ಕೂತಿದ್ದರಂತೆ. ನಾಲ್ಕು ಹಾಳೆ ತುಂಬಿವೆ, ಹೊಡೆದು ಹಾಕಿದ್ದೇ ಹೆಚ್ಚು.

"ಇನ್ನೊಂದು ಪ್ರತಿ ಸಿಕ್ತಾ?"

"ಎಲ್ಲಾ ಕಡೆ ಹುಡುಕಿಸಿದೆ ಟೀಚರೇ. ಎಲ್ಲೂ ಇಲ್ಲ."

ಡ್ರಾಯರ್ ನನ್ನ ಮೊಣಕಾಲಿಗೆ ತಗುಲುತ್ತಿತ್ತು.

"ಬೇರೆ ಎಲ್ಲಾ ಬಂತಪ್ಪ. ಅವನು ಕೇಳ್ತಾನೆ, ಎಷ್ಟು ಜನ ಉಳಿದಿದೀರಿ ಅಂತ. ಅವಳೇನೋ ಹೇಳ್ತಾಳೆ. ಒಂದೇ ಮಾತು. ಆ ಒಂದು ಮಾತಿಗೋಸ್ಕರ ಇಡೀ ಪುಸ್ತಕ ಬರೆದಿದ್ದೆ. ಬರ್ತಾ ಇಲ್ಲ. ನಾಲ್ಕು, ಐದು ಅಂತ ಎಣಿಸ್ತಾಳಾ? ಅಲ್ಲ. ನಗ್ತಾಳಾ? ಅಲ್ಲ."

"ಮಾತೇ ಇಲ್ದೆ ಸುಮ್ಮನಿದ್ರೆ ಚೆನ್ನಾಗಿರುತ್ತೇನೋ," ಅಂದೆ. ಗಿರಾಕಿಗೆ ಬಣ್ಣ ಹೋದ ಪುಸ್ತಕ ತೋರಿಸುವ ದನಿಯಲ್ಲಿ.

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ತಪ್ಪು ಲೆಕ್ಕ ಮಾಡಿದ ವಿದ್ಯಾರ್ಥಿಯನ್ನು ನೋಡುವ ಹಾಗೆ. "ಸುಮ್ಮನಿರೋಕೆ ಅವಳು ಅಷ್ಟು ಕಷ್ಟಪಟ್ಟಿಲ್ಲ."

ಮಾರ್ಚ್ 12

ಬೆಳಿಗ್ಗೆ ರದ್ದಿಯವನು ಬಂದ. ಹಳೇ ವಾರಪತ್ರಿಕೆಗಳ ಜೊತೆ ಡ್ರಾಯರಿನ ಹಸಿರು ಪುಸ್ತಕವನ್ನೂ ತಕ್ಕಡಿಗೆ ಹಾಕಿದೆ. ರಟ್ಟು ಕಿತ್ತು ಬಿಸಾಡಿ ಕಾಗದ ಮಾತ್ರ ತೂಗಿದ. ಅವನಿಗೂ ರಟ್ಟಿನ ಯೋಗ್ಯತೆ ಗೊತ್ತು.

ಊಟದ ಹೊತ್ತಿಗೆ ಹೆಂಡತಿ, "ಆ ಇನ್ನೊಂದು ಹಸಿರುದು ಎಲ್ಲಿ ರೀ? ಕೊಡಿ, ಎರಡೂ ಬಿಚ್ಚಿ ಸರಿ ಹೊಲಿದು ಕೊಡ್ತೀನಿ. ಅರ್ಧ ಗಂಟೆ ಕೆಲಸ."

"ಹೋಯ್ತು."

"ಎಲ್ಲಿಗೆ?"

ಹೇಳಿದೆ. ಸೂಜಿ-ದಾರದ ಡಬ್ಬಿ ಆಗಲೇ ತೆಗೆದಿಟ್ಟಿದ್ದಳು. ಮುಚ್ಚಳ ಹಾಕಿ ಒಳಗೆ ಹೋದಳು.

ಮಾರ್ಚ್ 24

ಟೀಚರ್ ಸಹಿ ಹಾಕಿದರು. ಹಾಕಿಸಿದ್ದು ನಾನೇ. ಮೂರನೇ ಮುದ್ರಣನಿಗೆ ಇಂಥ ಕೆಲಸಕ್ಕೆ ನಾಜೂಕು ಸಾಲದು.

ಅವರದು ಒಂದೇ ಕೋಣೆ. ಮಂಚ, ಮೇಜು, ಔಷಧಿಯ ಸಾಲು. ಅವರಿಗೆ ಕೇಳುವಂತೆ ಅಲ್ಲ, ಅರ್ಥವಾಗುವಂತೆ ಹೇಳಿದೆ — ಈ ಸಲ ಬಿಟ್ಟರೆ ಮತ್ತೊಬ್ಬ ಪ್ರಕಾಶಕ ಬರುವ ತನಕ... ಮಾತು ಅಲ್ಲಿಗೇ ಬಿಟ್ಟೆ. ಔಷಧಿಯ ಕಡೆ ನೋಡಿದೆ. ಪೂರ್ತಿ ಹೇಳುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

"ಹೆಸರಿರೋದು ನನ್ನದು. ಕೊಲೆ ಮಾಡೋದು ಇನ್ಯಾರದೋ ಡಾಕ್ಟರ್," ಅಂದರು. ಪೆನ್ನು ತಗೊಂಡರು. "ಬಿಡುಗಡೆ ದಿನ ಓದೋದು ಮಾತ್ರ ನನಗೆ ಬೇಕಾದ್ದನ್ನ. ಒಪ್ಪಿಗೇನಾ?"

"ಧಾರಾಳವಾಗಿ ಟೀಚರೇ."

ಸಭೆಯಲ್ಲಿ ಓದಿದ್ದು ಗಾಳಿಗೆ ಹೋಗುತ್ತದೆ. ಅಚ್ಚಾದದ್ದು ಉಳಿಯುತ್ತದೆ.

ಏಪ್ರಿಲ್ 27

ಬಿಡುಗಡೆ. ಹಾಲ್ ತುಂಬಿತ್ತು, ನಿಂತವರೂ ಇದ್ದರು. ರಕ್ಷಾಪುಟದಲ್ಲಿ ಡಾಕ್ಟರ ಚೀಲ, ಕೆಳಗೆ "ಮೂರನೇ ಮುದ್ರಣ". ಪಟ್ಟಿ ನೋಡಿದವರು ವಾರ ಮೊದಲೇ ಅಂಗಡಿಗೆ ಬಂದ ಪ್ರತಿ ಕೊಂಡು ಓದಿ ಬಂದಿದ್ದರು. ಎಲ್ಲರಿಗೂ ಡಾಕ್ಟರೇ ಬೇಕು.

ಟೀಚರ್ ಇಸ್ತ್ರಿ ಮಾಡಿದ ನೀಲಿ ಸೀರೆಯಲ್ಲಿ ಬಂದಿದ್ದರು. ಮೈಕಿನ ಮುಂದೆ ಪುಸ್ತಕ ತೆರೆಯಲಿಲ್ಲ. ನಾಲ್ಕು ಹಾಳೆ ತೆಗೆದರು.

"ಇದು ನಾನು ಬರೆದ ಕೊನೆ."

ಓದಿದರು. ಒಳ್ಳೆಯ ದನಿ, ಹಿಂದಿನ ಬೆಂಚಿಗೂ ಮುಟ್ಟುವ ದನಿ. ಮೊದಲು ಜನ ಕುತೂಹಲದಿಂದ ಕೇಳಿದರು. ಆಮೇಲೆ ಕುರ್ಚಿಗಳ ಸದ್ದು. ಸೊಸೆ ಲೋಟ ತೊಳೆಯುವ ಹೊತ್ತಿಗೆ ಎರಡನೇ ಸಾಲಿನವನು ಪಕ್ಕದವನಿಗೆ, "ಡಾಕ್ಟರ್ ಎಲ್ಲಿ?" ಪತ್ತೇದಾರ ಪ್ರಶ್ನೆ ಕೇಳಿದ. ಟೀಚರ್ ಅಲ್ಲಿ ನಿಂತರು. ಹಾಳೆಯಲ್ಲಿ ಖಾಲಿ ಜಾಗ ಇತ್ತು ಅಂತ ಕಾಣುತ್ತದೆ. ಇಲ್ಲೇ ಎದುರಿಗೇ ಬಂದೀತೋ ಎನ್ನುವ ಹಾಗೆ ಕಾದರು.

ಹಿಂದಿನಿಂದ ಒಬ್ಬ, ಕೆಟ್ಟವನಲ್ಲ, ವಿನಯದಿಂದಲೇ, "ಅಮ್ಮಾ, ಇದು ಬೇಡ. ನಿಜವಾದ್ದು ಓದಿ."

ನಗು. ಚಪ್ಪಾಳೆ. "ನಿಜವಾದ್ದು, ನಿಜವಾದ್ದು."

ಮೂರನೇ ಮುದ್ರಣ ಪುಸ್ತಕ ತೆರೆದು ಮುಂದೆ ಹಿಡಿದ. ಹಾಳೆ ಮಡಿಚಿದರು. ಡಾಕ್ಟರನ್ನು ಓದಿದರು, ಹದಿನಾರು ಪುಟವೂ, ಒಂದು ಕಡೆಯೂ ತಡವರಿಸದೆ. ಬೇರೆಯವರ ಉತ್ತರಪತ್ರಿಕೆ ಗಟ್ಟಿಯಾಗಿ ಓದುವುದು ಅವರಿಗೆ ಅಭ್ಯಾಸವಿದ್ದೀತು. ಎದ್ದು ನಿಂತು ಚಪ್ಪಾಳೆ.

ಮೆಟ್ಟಿಲ ಹತ್ತಿರ ನನ್ನ ತೋಳು ಹಿಡಿದುಕೊಂಡರು. ಆಸರೆಗೆ ಅಂದುಕೊಂಡೆ.

"ನಾನು ಆ ಪ್ರಶ್ನೆ ಹತ್ರ ನಿಂತಾಗ ಹಾಲಲ್ಲಿ ಎಲ್ಲರೂ ಆಕಳಿಸ್ತಿದ್ರು. ನಿಮ್ಮೊಬ್ಬರ ತುಟಿ ಮಾತ್ರ ಆಡ್ತು."

ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡೆ.

"ನಾನು ಪತ್ತೇದಾರಿ ಬರೆದೋಳಪ್ಪ, ಒಂದೇ ಆದ್ರೂ. ಪ್ರತಿ ಇಲ್ಲ ಅಂದ್ರಿ. ಇಲ್ಲ ಅಂದ್ರೆ ಸಿಕ್ಕಿಲ್ಲ ಅಂತಲೋ, ಇಟ್ಟಿಲ್ಲ ಅಂತಲೋ?"

"ಏನು ಹೇಳ್ತಾ ಇದೀರೋ ತಿಳೀತಿಲ್ಲ ಟೀಚರೇ."

"ಪುಸ್ತಕ ಬೇಡ. ಸಭೆ ಬೇಡ. ಅವಳು ಏನಂದ್ಲು, ಅಷ್ಟು ಹೇಳಿಬಿಡಿ. ಯಾರಿಗೂ ಹೇಳಲ್ಲ."

ಮೂರು ಪದ. ಹೇಳಿದರೆ ಓದಿದ್ದು ಒಪ್ಪಿಕೊಂಡ ಹಾಗೆ. ಓದಿದ್ದು ಒಪ್ಪಿದರೆ ಉಳಿದದ್ದೂ ಒಂದೊಂದಾಗಿ ಹೊರಗೆ ಬರುತ್ತದೆ.

"ಯಾರು ಏನಂದ್ರು ಟೀಚರೇ?"

ತೋಳು ಬಿಟ್ಟರು. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು, ತಾವೇ ಇಳಿದರು.

ಮೇ 30, ಮಧ್ಯಾಹ್ನ, ಗಿರಾಕಿಯಿಲ್ಲ

ಟೀಚರ್ ಮತ್ತೆ ಬಂದಿಲ್ಲ. ಸಹಿಗೆಂದು ಪುಸ್ತಕ ಒಯ್ದ ಮೂರನೇ ಮುದ್ರಣ ಹೇಳಿದ: ಸಹಿ ಹಾಕಿ ಕೊಡುತ್ತಾರಂತೆ, ಮೇಜಿನ ತುಂಬ ಹಾಳೆಗಳಂತೆ, ಪ್ರತಿಯೊಂದರಲ್ಲೂ ಅದೇ ಪ್ರಶ್ನೆ, ಅದರ ಕೆಳಗೆ ಬೇರೆ ಬೇರೆ ಉತ್ತರ, ಎಲ್ಲವನ್ನೂ ಹೊಡೆದುಹಾಕಿದ್ದಾರಂತೆ. "ಹೊಸ ಕಾದಂಬರಿ ಬರೀತಿದಾರೆ ಅಂತ ಕಾಣುತ್ತೆ," ಅಂದ, ಖುಷಿಯಿಂದ.

ಇರಲಿ. ಯಾರಿಗೆ ಏನು ಸಿಕ್ಕಿತು, ಒಮ್ಮೆ ಹಾಕಿ ನೋಡಿ ಮುಗಿಸುತ್ತೇನೆ.

ಪ್ರಕಾಶಕನಿಗೆ — ಜನ್ಮದಲ್ಲಿ ಮೊದಲ ಸಲ, ನಿಜವಾದ ಮೂರನೇ ಮುದ್ರಣ.

ಓದುಗರಿಗೆ — ಡಾಕ್ಟರ್.

ಒಂದೇ ಹೆಸರಿನಲ್ಲಿ ಬರೆದು ಸತ್ತ ನಾಲ್ವರಲ್ಲಿ ಯಾರೋ ಒಬ್ಬನಿಗೆ — ಚಪ್ಪಾಳೆ. ಅವನಿಗೆ ಕೇಳಿಸಲಿಲ್ಲ.

ಹೆಂಡತಿಗೆ — ನನ್ನ ಮೇಲೆ ಹೇಳದೇ ಇಟ್ಟುಕೊಂಡ ಒಂದು ಮಾತು. ಅವಳ ಹತ್ತಿರ ಅಂಥದ್ದು ಕೆಡುವುದಿಲ್ಲ.

ನನಗೆ — ಪೇಪರಿನಲ್ಲಿ ತಿಂಗಳಿಗೊಂದು ಪಟ್ಟಿ. ಮತ್ತೆ ಸೊಸೆಯ ಆ ಹದಿನಾರು ಪುಟ, ಪೂರ್ತಿ, ಬಾಯಿಪಾಠ; ಈಗ ಬೇರೆ ಯಾರ ಹತ್ತಿರವೂ ಇಲ್ಲ. ಬರೆದು ಟೀಚರ ಬಾಗಿಲ ಸಂದಿಗೆ ಸಿಕ್ಕಿಸಬಹುದು, ಹೆಸರು ಹಾಕದೆ. ನನ್ನ ಅಕ್ಷರ ಗುರುತು ಹಿಡಿಯುತ್ತಾರೆ. ಪತ್ತೇದಾರಿ ಬರೆದವರು, ಸುಳಿವು ಹಿಡಿಯುವುದು ಹೇಗೆಂದು ಅವರಿಗೆ ಗೊತ್ತು. ಇಲ್ಲಿ ಇಷ್ಟು ಬರೆದದ್ದೇ ಹೆಚ್ಚಾಯಿತು.

ಟೀಚರಿಗೆ —