ಬೆಳ್ಳಾರೆ ದಾರಿಯ ಬಿಸಿಲು

ಡಿಸೆಂಬರ್ 10, ಬೆಳಿಗ್ಗೆ 7

ಪುತ್ತೂರು. ಲಾಡ್ಜಿನ ಟೆರೇಸ್ ಹತ್ತಿ ಪೂರ್ವ ಯಾವ ಕಡೆ ಎಂದು ನೋಡಿಕೊಂಡೆ. ಫೋಟೋಕ್ಕೆ ಮೊದಲ ಕೆಲಸ ಅದೇ. ಎರಡನೆಯದು ಆಟೋದವರನ್ನು ಕೇಳುವುದು.

ಮೂಸಕುಂಞಿ ಎಂಬವರು ಸಿಕ್ಕರು. "ಬೀರಮಲೆ ಗುಡ್ಡೆ ಉಂಟು ಅಕ್ಕ. ಎಲ್ಲರೂ ಅಲ್ಲಿಗೇ ಹೋಗುದು."

"ಎಲ್ಲರೂ ಹೋಗದ ಜಾಗ?"

"ಯಾರೂ ಹೋಗದ ಕಡೆಗೆ ನೀವು ಯಾಕೆ ಹೋಗುದು ಮಾರಾಯ್ರೆ?"

ನಾಳೆ ಬೀರಮಲೆಗೇ ಹೋಗೋಣ ಎಂದು ಆಟೋ ಗೊತ್ತುಮಾಡಿದೆ.

ಡಿಸೆಂಬರ್ 11

ಗುಡ್ಡದ ಮೇಲೆ ಮಂಜು. ಚೆನ್ನಾಗಿಯೇ ಬಂತು... ಆದರೆ ಮೊಬೈಲಿನಲ್ಲಿ ನೂರು ಸಲ ನೋಡಿದ್ದೇ. ನಮ್ಮ ಯಜಮಾನರು ಬೆಂಚಿನ ಮೇಲೆ ಪೇಪರ್ ಓದಿದರು. ಅದನ್ನು ಗದಗಿನಲ್ಲೂ ಓದಬಹುದಿತ್ತು.

ನರ್ಸ್ ಕೆಲಸ ಮುಗಿದ ಮೇಲೆ ವರ್ಷಕ್ಕೊಂದು ಕಾಣದ ಊರು ಎಂದು ಹೊರಟವಳು ನಾನು. ಇದು ಮೊದಲನೆಯದು. ಇವರು ಬಂದದ್ದು ಬ್ಯಾಗ್ ಹೊರಲು.

ಡಿಸೆಂಬರ್ 13

ಬಲಗಾಲಿಗೆ ಪ್ಲಾಸ್ಟರ್. ಕ್ಯಾಮೆರಾದಲ್ಲಿ ನೋಡುತ್ತ ಹಿಂದೆ ಸರಿದೆ — ಕೆರೆಯ ಮೆಟ್ಟಿಲು, ಪಾಚಿ. ಮೂವತ್ತು ವರ್ಷ ಬೇರೆಯವರಿಗೆ ಬ್ಯಾಂಡೇಜ್ ಸುತ್ತಿದವಳಿಗೆ ಹೀಗೆ.

"ಸಾಕಿನ್ನ ಗೋದಾ. ಮುಂದಿನ ವರ್ಷದ ಊರು ಮರ್ತುಬಿಡು" ಎಂದರು ಇವರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ರೈಲಿಗೆ ಇನ್ನೂ ಎರಡು ದಿನ. ಕಿಟಕಿಯಿಂದ ಕಾಣುವುದು ಪಕ್ಕದ ಗೋಡೆ, ಒಂದು ಪೈಪು. ಕ್ಯಾಮೆರಾ ಇವರ ಕೈಗೆ ಕೊಟ್ಟೆ.

"ಏನ್ ತೆಗೀಲಿ?"

"ಎಲ್ಲಿ ನಿಲ್ಲಬೇಕು ಅನ್ನಿಸ್ತದೋ ಅಲ್ಲಿ ತೆಗೀರಿ."

ಸಂಜೆ 5

ನಲವತ್ತೊಂದು ಫೋಟೋ. ಅಷ್ಟೂ ಬಸ್ಸುಗಳದ್ದು. ಡಿಪೋ ಮೆಕ್ಯಾನಿಕ್ ಆಗಿದ್ದವರು, ಇನ್ನೇನು. ಅರ್ಧದಲ್ಲಿ ಹೆಬ್ಬೆರಳು. ನಗು ತಡೆಯಲಾಗಲಿಲ್ಲ. ಅವರೂ ನಕ್ಕರು.

ಡಿಸೆಂಬರ್ 14, ಮಧ್ಯಾಹ್ನ 2

ಕುಮಾರಧಾರಾ ಹೊಳೆ ನೋಡಿ ಬನ್ನಿ ಎಂದು ಬೆಳಿಗ್ಗೆ ಎಂಟಕ್ಕೇ ಇವರನ್ನು ಕಡಬಕ್ಕೆ ಕಳಿಸಿದೆ. ಹನ್ನೆರಡಕ್ಕೆ ಬರಬೇಕಿತ್ತು. ಫೋನ್ ಹೋಗುತ್ತಿಲ್ಲ. ಹೊಳೆ... ಈಜು ಬಾರದವರು. ನಾನೇ ಕಳಿಸಿದೆ.

3.40

ಬಂದರು. ಅಂಗಿಗೆ ಹೊಗೆಯ ವಾಸನೆ.

"ತಪ್ಪು ಬಸ್ ಹತ್ತಿದೆ. ಬೆಳ್ಳಾರೆ ಬಸ್ಸು."

ದಾರಿಯಲ್ಲಿ ಒಂದು ಮನೆಯ ಹಿಂದೆ ಏನೋ ಹೊಳೆದದ್ದು ಕಂಡು ಇಳಿದರಂತೆ. ಬಟ್ಟೆ ಒಣಗಹಾಕಿದ್ದಾರೆ ಅಂದುಕೊಂಡರಂತೆ. ನೋಡಿದರೆ ಮರದ ಹಾಲಿನಿಂದ ಮಾಡಿದ ರಬ್ಬರ್ ಶೀಟುಗಳು. ಆ ಮನೆಯ ಕೌಸಲ್ಯಾ ಎಂಬವರು ಶೀಟು ಒಣಗಿಸುವ ಹೊಗೆಗೂಡನ್ನೂ ತೋರಿಸಿ, ಊಟ ಮಾಡಿಸಿಯೇ ಕಳಿಸಿದ್ದು.

ಫೋಟೋ ಒಂದೇ. ಸಾಲಾಗಿ ಬಿಳಿ ಹಾಳೆಗಳು, ಹಿಂದಿನಿಂದ ಬಿಸಿಲು, ಒಂದರ ಮೇಲೆ ಹೆಂಗಸಿನ ಕೈಯ ನೆರಳು. ಅಲುಗಾಡಿದೆ. ಆದರೂ ಕಣ್ಣು ಕೀಳಲಾಗಲಿಲ್ಲ. ನನಗೆ ಇದು ಸಿಗುತ್ತಲೇ ಇರಲಿಲ್ಲ. ನಾನು ಸರಿಯಾದ ಬಸ್ಸನ್ನೇ ಹತ್ತುತ್ತಿದ್ದೆ.

"ಒಂದೇ ಯಾಕ?"

"ಒಂಬತ್ತೂಕಾಲಕ್ಕ ಬಿಸಿಲು ಗುಡ್ಡ ದಾಟ್ತದ. ಹತ್ತು ನಿಮಿಷ ಅಷ್ಟ, ಆಮ್ಯಾಲೆ ಮರದ ಹಿಂದ ಹೋಗ್ತದ. ಮತ್ತ ಬರ್ತದೇನೋ ಅಂತ ಮಧ್ಯಾಹ್ನ ಒಂದು ಗಂಟಿ ತನಕ ಕಾದೆ."

ಕಾದರಂತೆ. ಮದುವೆಯಾದ ಮೂವತ್ತೆರಡು ವರ್ಷದಲ್ಲಿ ಬೆಳಕಿಗಾಗಿ ಇವರು ಕಾದದ್ದು ನಾನು ಕಂಡಿಲ್ಲ. ಬೈಯಬೇಕೆಂದಿದ್ದೆ, ಮರೆತೇಹೋಯಿತು.

"ನಾಳೆ ನಿನ್ನ ಕರ್ಕೊಂಡು ಹೋಗ್ತೀನಿ. ರೈಲು ಸಂಜಿಗೆ ಅಲ್ಲೇನ?"

ಡಿಸೆಂಬರ್ 15, ಬೆಳಿಗ್ಗೆ 9.05

ಕೌಸಲ್ಯಾ ಅವರ ಅಂಗಳ. ಆಟೋದಲ್ಲಿ ಕಾಲು ಚಾಚಿ ಬಂದೆ. ಮೂಸಕುಂಞಿ, ಇವರು ಸೇರಿ ಕುರ್ಚಿಯ ಸಮೇತ ನನ್ನನ್ನು ಎತ್ತಿ ಇಲ್ಲಿ ಇಟ್ಟರು.

"ಇದು ಎಷ್ಟೋ ಮನೆ ಹಿಂದೆ ಉಂಟಲ್ಲ ಅಕ್ಕ. ಇದನ್ನು ನೋಡ್ಲಿಕ್ಕೆ ಜನ ಬರ್ತಾರೆ ಅಂತ ನನಗೆ ಎಂತ ಗೊತ್ತು?" ಎಂದು ಮೂಸಕುಂಞಿ ತಾನೂ ಒಂದು ಹಾಳೆಯನ್ನು ಮುಟ್ಟಿ ನೋಡುತ್ತಿದ್ದಾರೆ.

ಇವರು ಕೌಸಲ್ಯಾ ಅವರೊಡನೆ ಹಗ್ಗ ಬಿಗಿಯುತ್ತಿದ್ದಾರೆ. ಕುರ್ಚಿಯನ್ನು ಎರಡು ಸಲ ಸರಿಸಿದರು. ನಾನು ಹೇಳಿರಲಿಲ್ಲ.

ಗುಡ್ಡದ ಅಂಚು ಬೆಳಗುತ್ತಿದೆ... ಬಿಸಿಲು ದಾಟಿತು. ಇವರು ನಡುವಿನ ಹಾಳೆಯ ಹಿಂದೆ ಹೋದರು. ನೆರಳು ಬಿತ್ತು — ಬೋಳು ತಲೆ, ಉದ್ದ ಮೂಗು. ಸ್ವಲ್ಪ ಎಡಕ್ಕೆ ಎನ್ನಬೇಕು, ಕ್ಯಾಮೆರಾ ಎತ್ತಬೇಕು, ಪೆನ್ನು ಕೆಳಗಿ—