ನೆಟ್ಟಗೆ ನಿಂತ ದಂಡೆ

ಭಾನುವಾರ, ಮಾರ್ಚ್ ೧೪

ಪ್ರೀತಿಯ ತಮ್ಮನಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ನಾವಿಬ್ಬರೂ ಚೆನ್ನಾಗಿದ್ದೇವೆ. ಅಂದರೆ ನಿನ್ನ ಭಾವನಿಗೆ ಮಂಡಿನೋವು, ನನಗೆ ತಲೆನೋವು, ಉಳಿದಂತೆ ಕ್ಷೇಮ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಳ್ಳಬೇಡ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ "ಕೆರೆ ಹೇಗಿದೆ ಅಕ್ಕ?" ಎಂಬ ನಿನ್ನ ಕೊನೆಯ ಸಾಲು ನೋಡಿ ಪೆನ್ನು ಮುಚ್ಚಿಟ್ಟು ಎದ್ದೆ. ನೀನಿರುವ ಸೇತುವೆ ಕೆಲಸದ ಜಾಗದಲ್ಲಿ ಫೋನಂತೂ ಸಿಗುವುದಿಲ್ಲ.

ಕೆರೆ ಚೆನ್ನಾಗಿಲ್ಲ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳು.

ನಿನ್ನ ನಕ್ಷೆಯಂತೆ ದಂಡೆ ಕಟ್ಟಿ ಮುಗಿದಾಗ ಊರು ಹಿಗ್ಗಿ ಹೀರೇಕಾಯಿಯಾಗಿತ್ತು. ಕೆಸರು, ಜೊಂಡು, ಹಾವಿನ ಭಯ ಇದ್ದ ಕಡೆ ಸುತ್ತಲೂ ನುಣುಪುಕಲ್ಲಿನ ಗೋಡೆ, ಮೇಲೆ ನಡೆಯುವ ದಾರಿ, ಬೆಂಚು, ದೀಪ. ಉದ್ಘಾಟನೆಯ ದಿನ ನಗರಸಭೆಯ ಅಧ್ಯಕ್ಷರು, ಇನ್ನು ಮೇಲೆ ಇದು ಕೆರೆಯಲ್ಲ, ಕನ್ನಡಿ ಎಂದರು. ಚಪ್ಪಾಳೆಯೋ ಚಪ್ಪಾಳೆ. ಕನ್ನಡಿಯೊಳಗೆ ಮೀನು ಬದುಕುತ್ತದೆಯೇ ಎಂದು ಕೇಳಲು ಯಾರಿಗೂ ತೋಚಲಿಲ್ಲ. ನೀನು ಮಾರನೆಯ ದಿನವೇ ಹೊರಟೆ. ಮಿಕ್ಕದ್ದನ್ನು ನೋಡಲು ನಾನು ಉಳಿದೆ.

ಮಳೆ ಶುರುವಾಯಿತು. ಕೆರೆಯ ನೀರು ಇಂಗಿ ಊರಿಗೆ ನೀರು ಕೊಡುವ ನಮ್ಮ ಕಚೇರಿಯ ಪಂಪಿನ ಬಾವಿಗೆ ಬರುವುದರಿಂದ ವಾರಕ್ಕೊಂದು ದಿನ ಪರೀಕ್ಷೆಯ ಸೀಸೆ ಹಿಡಿದು ಕೆರೆಗೆ ಹೋಗುತ್ತೇನಲ್ಲ, ಹಾಗೆ ಹೋದಾಗ ಗೋಡೆಯ ಬುಡದಲ್ಲಿ ಏನೋ ಮಿಸುಕಾಡುತ್ತಿತ್ತು. ಬಗ್ಗಿ ನೋಡಿದರೆ ಕಪ್ಪೆಮರಿಗಳು. ಆಗಷ್ಟೇ ಬಾಲ ಕರಗಿದ, ಕಿರುಬೆರಳಿನ ಉಗುರಿನಷ್ಟಿರುವ ಮರಿಗಳು, ಸಾವಿರಗಟ್ಟಲೆ. ಬಾಲ ಹೋದ ಮೇಲೆ ಅವಕ್ಕೆ ನೆಲ ಬೇಕು. ಮೊದಲಾದರೆ ಇಳಿಜಾರಿನ ಕೆಸರಿನಲ್ಲಿ ತೆವಳಿಕೊಂಡು ಮೇಲೆ ಬರುತ್ತಿದ್ದವು. ಈಗ ಕಲ್ಲು ಹತ್ತಲು ಹೋಗಿ ಜಾರುತ್ತಿದ್ದವು, ಮತ್ತೆ ಹತ್ತುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಬಹಳಷ್ಟು ಸತ್ತು ತೇಲುತ್ತಿದ್ದವು.

ನಮ್ಮ ಸಾಹೇಬರ ಹತ್ತಿರ ಹೋಗಿ, ನಾಲ್ಕು ಕಡೆ ಹಲಗೆ ಇಳಿಬಿಡೋಣ ಎಂದೆ. ಅವರು ಚಹಾದ ಲೋಟ ಕೆಳಗಿಡದೆಯೇ, "ಮೇಡಂ, ನಿಮ್ಮ ಕೆಲಸ ನೀರು ಪರೀಕ್ಷೆ. ಕಪ್ಪೆ ನಮ್ಮ ಇಲಾಖೆಗೆ ಬರಲ್ಲ" ಎಂದರು. ಮತ್ತೆ ಯಾವ ಇಲಾಖೆಗೆ ಬರುತ್ತದೆ ಎಂದು ಕೇಳಿದೆ. ಪಾಪ, ನಿಜವಾಗಿಯೂ ಯೋಚನೆ ಮಾಡಿ, ಪಶುವೈದ್ಯರದ್ದಿರಬಹುದು ಎಂದರು. ನಾನೂ ಹಟ ಬಿಡದೆ ಅಲ್ಲಿಗೂ ಹೋದೆ. ಯಜಮಾನರಿರುವ ಪ್ರಾಣಿಗಳನ್ನು ಮಾತ್ರ ನೋಡುತ್ತೇವೆ ಎಂದರು.

ಕೊನೆಗೆ ನಾನು, ನಿನ್ನ ಭಾವ, ಕೆರೆಯಲ್ಲಿ ಬಲೆ ಹಾಕುವ ನಮ್ಮ ಮೀನುಗಾರಜ್ಜ ಮೂವರೂ ಸೇರಿ ಹಳೆಯ ಬಾಗಿಲಿನ ಹಲಗೆಗಳನ್ನು ಎಂಟು ಕಡೆ ಇಳಿಬಿಟ್ಟೆವು. ಮರಿಗಳು ಸಾಲುಗಟ್ಟಿ ಮೇಲೆ ಬಂದವು. ಮಂಡಿ ನೋಯುತ್ತದೆಂದು ಗೊಣಗುತ್ತಲೇ ಬಂದಿದ್ದ ನಿನ್ನ ಭಾವ ಅಲ್ಲೇ ಕೂತು ಒಂದು ಗಂಟೆ ಎಣಿಸಿದರು. ಮೂರನೆಯ ದಿನ ಹೋದರೆ ಹಲಗೆಗಳಿಲ್ಲ. ಫೋಟೋ ತೆಗೆದುಕೊಳ್ಳುವವರಿಗೆ ಅಡ್ಡ ಬರುತ್ತವೆಂದು ತೆಗೆಸಿದರಂತೆ.

ಆಮೇಲೆ ಸೊಳ್ಳೆ. ಹಿಂದೆ ಇರಲಿಲ್ಲವೆಂದಲ್ಲ, ಆದರೆ ಇಷ್ಟಿರಲಿಲ್ಲ. ನೀನು ಚಿಕ್ಕವನಿದ್ದಾಗ ಬಾಲಕ್ಕೆ ದಾರ ಕಟ್ಟಲು ಹೋಗಿ ನನ್ನಿಂದ ಏಟು ತಿನ್ನುತ್ತಿದ್ದೆಯಲ್ಲ, ಆ ಏರೋಪ್ಲೇನ್ ಚಿಟ್ಟೆ. ಅದರ ಮರಿ ನೀರೊಳಗೆ ಜೊಂಡಿನ ಕಾಂಡ ಹಿಡಿದು ಬೆಳೆಯುತ್ತದೆ, ಸೊಳ್ಳೆಯ ಹುಳವೇ ಅದರ ಊಟ. ಜೊಂಡು ಹೋಯಿತು, ಚಿಟ್ಟೆ ಕಡಿಮೆಯಾಯಿತು, ಕಪ್ಪೆಯಂತೂ ಹತ್ತಲೇ ಇಲ್ಲ. ಸೊಳ್ಳೆಗೆ ಇನ್ನೇನು ಬೇಕು? ಬೀದಿಯವರೆಲ್ಲ ಅರ್ಜಿ ಕೊಟ್ಟರು. ನಗರಸಭೆಯವರು ಗಾಡಿ ತಂದು ಕೆರೆಯ ಸುತ್ತ ಔಷಧಿ ಹೊಡೆದರು. ಹೊಡೆಯಬೇಡಿ ಎಂದು ಮನೆಮನೆಗೆ ಹೋಗಿ ಹೇಳಿದೆ. ಎದುರುಮನೆಯವರು, ನಿಮಗೆ ಸೊಳ್ಳೆ ಮೇಲೂ ಕನಿಕರವೇ ಎಂದು ನಕ್ಕರು. ಸೊಳ್ಳೆ ಎಂಟು ದಿನ ಇರಲಿಲ್ಲ, ಒಂಬತ್ತನೆಯ ದಿನ ಬಂತು. ಅಳಿದುಳಿದ ಏರೋಪ್ಲೇನ್ ಚಿಟ್ಟೆ ಮಾತ್ರ ಬರಲಿಲ್ಲ. ತಿನ್ನುವವರು ಸತ್ತರು, ತಿನ್ನಿಸಿಕೊಳ್ಳುವವರು ಬೆಳೆದರು. ಇಷ್ಟು ಸಣ್ಣ ಲೆಕ್ಕ ಯಾರ ತಲೆಗೂ ಹೋಗಲಿಲ್ಲ. ಮತ್ತೆ ಅರ್ಜಿ, ಮತ್ತೆ ಗಾಡಿ.

ಪೂರ್ವದ ಕಡೆ ಊರಿನ ಚರಂಡಿ ಬಂದು ಬೀಳುತ್ತದಲ್ಲ, ಅಲ್ಲಿ ಮೊದಲು ಎರಡಾಳೆತ್ತರದ ಜೊಂಡಿತ್ತು. ಬಚ್ಚಲು ನೀರು, ಸೋಪಿನ ನೀರು ಅದರ ಬೇರುಗಳ ನಡುವೆ ನಿಂತು ನಿಂತು, ಕೊಳೆಯನ್ನು ಅಲ್ಲೇ ಬಿಟ್ಟು ಕೆರೆಗಿಳಿಯುತ್ತಿತ್ತು. ಈಗ ನೇರ ಒಳಗೆ. ಜನವರಿಗೆ ನೀರು ಬಣ್ಣ ಕಲಸಿಟ್ಟ ಹಾಗೆ ಹಸಿರಾಯಿತು. ಪ್ರತಿ ವಾರ ವರದಿ ಬರೆದೆ. ಪ್ರತಿ ವಾರ ಸಾಹೇಬರು ಸಹಿ ಹಾಕಿ ಕಪಾಟಿಗೆ ಸೇರಿಸಿದರು.

ಫೆಬ್ರವರಿ ಕೊನೆಗೆ ಒಂದು ಬೆಳಿಗ್ಗೆ ಅಜ್ಜ ಬಂದು ಬಾಗಿಲು ತಟ್ಟಿದ. ಬನ್ನಿ ಎಂದ ಅಷ್ಟೇ. ಹೋದರೆ ಕೆರೆಯ ತುಂಬ ಮೀನು. ಕೆಲವು ಹೊಟ್ಟೆ ಮೇಲಾಗಿ, ಕೆಲವು ಇನ್ನೂ ಬಾಯಿ ನೀರಿನಿಂದ ಹೊರಗೆ ಚಾಚಿ ಗಾಳಿ ಗುಟುಕರಿಸುತ್ತ. ಆ ಹಸಿರು ಪಾಚಿ ಹಗಲು ನೀರಿಗೆ ಉಸಿರು ಕೊಡುತ್ತದೆ, ಕತ್ತಲಾದ ಮೇಲೆ ತಾನೇ ಕಿತ್ತುಕೊಳ್ಳುತ್ತದೆ. ಅಳೆದು ನೋಡಿದೆ, ನೀರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟೇ ಇತ್ತು. ಅಜ್ಜ ಬಲೆಯನ್ನು ಹೆಗಲಿನಿಂದ ಇಳಿಸಿ, "ನಲವತ್ತು ವರ್ಷ ನಾನೇ ಇವನ್ನ ಹಿಡಿದು ಕೊಂದೋನು ಕಣಮ್ಮ. ಆದ್ರೂ ಇದನ್ನ ನೋಡೋಕಾಗ್ತಿಲ್ಲ" ಎಂದ. ನನಗೂ ಆಗಲಿಲ್ಲ.

ನಾತ ಮೂಗಿಗೆ ಹೊಡೆದ ಮೇಲೆ ಊರಿಗೆ ಎಚ್ಚರವಾಯಿತು. ಹೋದ ಮಂಗಳವಾರ ನಗರಸಭೆಯಲ್ಲಿ ಸಭೆ. ಒಬ್ಬರು ಕಾರಂಜಿ ಹಾಕಿಸಿ ಎಂದರು, ಇನ್ನೊಬ್ಬರು ಹೊಸ ಮೀನು ತಂದು ಬಿಡಿ ಎಂದರು. ಉಸಿರಿಲ್ಲದ ನೀರಿಗೆ ಹೊಸ ಮೀನು! ನಾನು ವರದಿಗಳ ಪ್ರತಿಗಳನ್ನು ಮೇಜಿನ ಮೇಲಿಟ್ಟೆ. ಅವು 'ಮಾಹಿತಿಗಾಗಿ' ಬಂದಿದ್ದವು, ಕ್ರಮಕ್ಕಾಗಿ ಅಲ್ಲ ಎಂದರು ನಮ್ಮ ಸಾಹೇಬರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಅರ್ಧ ಗಂಟೆ ಮಾತಾಡಿದೆ. ಕಪ್ಪೆಯಿಂದ ಹಿಡಿದು ಚರಂಡಿಯವರೆಗೆ ಎಲ್ಲ ಹೇಳಿದೆ. ಈ ಸಲ ಕೇಳಿದರು, ಮೂಗಿಗೆ ಕರ್ಚೀಫು ಹಿಡಿದುಕೊಂಡೇ. ಚರಂಡಿಯ ಕಡೆ ಇನ್ನೂರು ಅಡಿ ಗೋಡೆ ಒಡೆದು ಮಣ್ಣಿನ ಇಳಿಜಾರು ಮಾಡುವುದು, ಜೊಂಡು ನೆಡುವುದು, ಔಷಧಿ ನಿಲ್ಲಿಸುವುದು ಎಂದು ತೀರ್ಮಾನವಾಯಿತು. ನಿನ್ನೆ ಒಡೆಯಲು ಶುರುಮಾಡಿದ್ದಾರೆ. ಕೆರೆ ಏಳಬಹುದು, ಆದರೆ ಕೆಡಿಸಿದಷ್ಟು ಬೇಗ ಅಲ್ಲ.

ಇನ್ನೊಂದು ತೀರ್ಮಾನವೂ ಆಯಿತು. ತಪ್ಪೆಲ್ಲ ನಕ್ಷೆ ಮಾಡಿದವರದ್ದು ಎಂದು ಒಬ್ಬರು ಎತ್ತಿದರು, ಉಳಿದವರು ಗಟ್ಟಿಯಾಗಿ ತಲೆಯಾಡಿಸಿದರು. ನಿನಗೆ ನೋಟಿಸು ಬರುತ್ತದೆ. ನೋಡಿ ಎದೆಗುಂದಬೇಡ, ಸಿಟ್ಟಿನಲ್ಲಿ ಉತ್ತರ ಬರೆಯಬೇಡ. ಮೊದಲು ಊಟ ಮಾಡು, ನಿದ್ದೆ ಮಾಡು, ಆಮೇಲೆ ಬರೆ. ಸಾಧ್ಯವಾದರೆ ರಜೆ ಹಾಕಿ ಬಾ. ನಿನ್ನ ಭಾವ ನಿನ್ನ ಕೋಣೆಯ ಕಿಟಕಿಗೆ ಸೊಳ್ಳೆಪರದೆ ತಾವೇ ಹೊಡೆದಿದ್ದಾರೆ, ಸ್ವಲ್ಪ ಸೊಟ್ಟಗಿದೆ, ಏನೂ ಅನ್ನಬೇಡ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಎತ್ತರದಲ್ಲಿ ಕೆಲಸ ಮಾಡುವಾಗ ಹುಷಾರು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಸಭೆಯಲ್ಲಿ ಅಧ್ಯಕ್ಷರು, "ನೀರಿನ ವಿಷಯ ಗೊತ್ತಿರೋರು ಯಾರೂ ಮೊದಲೇ ಈ ನಕ್ಷೆ ನೋಡಿರಲಿಲ್ವಾ?" ಎಂದು ಕೇಳಿದರು. ನಾನು ನಿಂತೇ ಇದ್ದೆ. ಬಾಯಿ ಬಿಡಲಿಲ್ಲ.

ನೀನು ಮೊದಲ ಸಲ ಕಟ್ಟಿದ ಮನೆಯ ಮೆಟ್ಟಿಲು ಸರಿಯಿಲ್ಲವೆಂದು ನಾಲ್ಕು ಜನರೆದುರು ಆಡಿ ತೋರಿಸಿದ್ದೆ. ನಾಲ್ಕು ವರ್ಷ ನೀನು ನಮ್ಮ ಹೊಸ್ತಿಲು ತುಳಿಯಲಿಲ್ಲ. ಆಮೇಲೆ ಒಂದು ದಿನ ನೀನಾಗಿಯೇ ಬಂದು, ಊಟದ ಮೇಜಿನ ಮೇಲೆ ಕೆರೆಯ ನಕ್ಷೆ ಬಿಡಿಸಿ, "ಅಕ್ಕ, ನೀರು ನಿನಗೆ ಗೊತ್ತು. ತಪ್ಪಿದ್ರೆ ಹೇಳು" ಎಂದೆ. ಇಳಿಜಾರಿಲ್ಲದೆ ದಂಡೆ ನೆಟ್ಟಗೆ ನಿಂತಿರುವುದು ಒಂದೇ ನೋಟಕ್ಕೆ ಕಂಡಿತ್ತು. ನಿನ್ನ ಮುಖ ನೋಡಿದೆ. ತುಂಬಾ ಚೆನ್ನಾಗಿದೆ ಎಂದೆ.

ವರ್ಷವಿಡೀ ಊರಿನವರನ್ನೆಲ್ಲ ಬೈದೆ. ನೋಟಿಸಿಗೆ ಉತ್ತರ ಕೊಡುವಾಗ ನನ್ನನ್ನು ಕೇಳಿದ್ದೆ ಎಂದು ಬರೆ, ತಮ್ಮಾ. ನಾನು ಹೇಳಲಿಲ್ಲ ಎಂದೂ ಬರೆ.